ಹಯಬೂಸಾ ಅಥವಾ ಝಡ್‌ಎಕ್ಸ್-10ಆರ್: ತಿರುವಿನಲ್ಲಿ ಯಾವುದು ಮುಂದೆ, ನೇರ ರಸ್ತೆಯಲ್ಲಿ ಯಾವುದು ಮುಂದೆ?

ಮೈಸೂರು_650

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ನಿಂಜಾ 650 ಓಡಿಸುತ್ತಿದ್ದೇನೆ. ಈಗ ದೊಡ್ಡ ಬೈಕಿಗೆ ಅಂತ ದುಡ್ಡು ಕೂಡಿದೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಮನಸ್ಸಿನಲ್ಲಿರುವುದು ಎರಡೇ, ಸುಝುಕಿ ಹಯಬೂಸಾ ಮತ್ತು ಕವಾಸಾಕಿ ಝಡ್‌ಎಕ್ಸ್-10ಆರ್.

ಹೋದ ತಿಂಗಳು ಇಬ್ಬರು ಗೆಳೆಯರ ಜೊತೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗಿದ್ದೆ. ಒಬ್ಬನ ಹತ್ತಿರ ಹಯಬೂಸಾ ಇದೆ, ಇನ್ನೊಬ್ಬನ ಹತ್ತಿರ 10ಆರ್. ನೇರದಲ್ಲಿ ಇಬ್ಬರೂ ನನ್ನನ್ನು ಬಿಟ್ಟು ಹೋಗುತ್ತಿದ್ದರು, ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ತಿರುವುಗಳು ಒಂದರ ಹಿಂದೆ ಒಂದು ಬರುವ ಕಡೆ ನಾನು 68 ಅಶ್ವಶಕ್ತಿಯ ಬೈಕಿನಲ್ಲಿ ಹಯಬೂಸಾದ ಹಿಂದಿನ ಚಕ್ರದ ತನಕ ಬಂದು ಮುಟ್ಟುತ್ತಿದ್ದೆ. 10ಆರ್ ಮಾತ್ರ ಒಂದು ಸಲವೂ ಸಿಗಲಿಲ್ಲ.

ಮನೆಗೆ ಬಂದು ಎರಡರ ಅಳತೆ ಪಕ್ಕಪಕ್ಕ ಇಟ್ಟು ನೋಡಿದೆ. ಹಯಬೂಸಾ 1340 ಸಿಸಿ, 190 ಅಶ್ವಶಕ್ತಿ, 150 ಎನ್ಎಂ ಟಾರ್ಕ್. 10ಆರ್ 998 ಸಿಸಿ, 203 ಅಶ್ವಶಕ್ತಿ, ಟಾರ್ಕ್ 115ಕ್ಕೂ ಚೂರು ಕಡಿಮೆ. ಎರಡಕ್ಕೂ ಗಂಟೆಗೆ 299 ಕಿ.ಮೀ.ನಲ್ಲಿ ಕಡಿವಾಣ. ನನಗೆ ಅರ್ಥವೇ ಆಗದ್ದು ಮುಂದಿನ ಫೋರ್ಕಿನ ಕೋನ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು ಎಷ್ಟು ವಾಲಿದೆ ಎನ್ನುವುದು. ಹಯಬೂಸಾದ್ದು 23 ಡಿಗ್ರಿ, 10ಆರ್‌ದು 25. ಕೋನ ಕಡಿಮೆ ಇದ್ದರೆ ಬೈಕ್ ಚುರುಕಾಗಿ ತಿರುಗುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಹಾಗಿದ್ದರೆ ಹಯಬೂಸಾನೇ ಚುರುಕಾಗಿರಬೇಕಿತ್ತು ಅಲ್ವಾ? ಕಣ್ಣಲ್ಲಿ ನೋಡಿದ್ದು ಪೂರ್ತಿ ಉಲ್ಟಾ.

ನನ್ನ ಬಳಕೆ ಹೀಗಿದೆ: ತಿಂಗಳಿಗೊಮ್ಮೆ ಚಿಕ್ಕಮಗಳೂರು ಅಥವಾ ಚಾರ್ಮಾಡಿ ಕಡೆ, ಆಗಾಗ ಹೈದರಾಬಾದ್ ರಸ್ತೆಯಲ್ಲಿ ದೂರದ ಓಟ, ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕ್. ಒಮ್ಮೊಮ್ಮೆ ಹೆಂಡತಿಯೂ ಹಿಂದೆ ಕೂರುತ್ತಾಳೆ. ಎರಡನ್ನೂ ಓಡಿಸಿದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಅಂಕಿ ಅಂಶ ಓದಿ ಓದಿ ತಲೆ ಕೆಟ್ಟಿದೆ.

ಹಾಸನದ_ಗಿಡುಗ

ಮೂರನೇ ತಲೆಮಾರಿನ ಹಯಬೂಸಾ ನನ್ನ ಹತ್ತಿರ 2022ರಿಂದ ಇದೆ. ಮೊದಲು ಅದರ ಪರವಾಗಿ ಮಾತಾಡಿ ಆಮೇಲೆ ಕಷ್ಟ ಹೇಳುತ್ತೇನೆ.

ಆರನೇ ಗೇರಿನಲ್ಲಿ 70ರಲ್ಲಿ ಹೋಗುತ್ತಿರುವಾಗ ಗೇರ್ ಇಳಿಸದೆ ಥ್ರಾಟಲ್ ತಿರುಗಿಸಿ ನೋಡಿ. ಈ ಎಳೆತ ಯಾವ ಲೀಟರ್ (1000 ಸಿಸಿ) ಬೈಕಿನಲ್ಲೂ ಸಿಗುವುದಿಲ್ಲ. 150 ಎನ್ಎಂ ಬರುವುದು 7,000 ಆರ್‌ಪಿಎಂನಲ್ಲಿ. 10ಆರ್‌ನಲ್ಲಿ ಪೂರ್ತಿ ಟಾರ್ಕ್ ಬರಬೇಕಾದರೆ 11,400ಕ್ಕೆ ಏರಬೇಕು. ರಸ್ತೆಯ ಮೇಲೆ ನಾವು ದಿನದಲ್ಲಿ ಎಷ್ಟು ಸಲ ಅಲ್ಲಿಗೆ ಹೋಗುತ್ತೇವೆ ಹೇಳಿ? ಅದಕ್ಕೇ ಹೈವೇಯಲ್ಲಿ ಲಾರಿ ದಾಟುವಾಗ ಹಯಬೂಸಾ ಜಾಸ್ತಿ ವೇಗದ್ದು ಅನ್ನಿಸುತ್ತದೆ, ಕಾಗದದ ಮೇಲೆ ಅಶ್ವಶಕ್ತಿ ಕಡಿಮೆ ಇದ್ದರೂ.

ನಿಂತಲ್ಲಿಂದ ಹೊರಡುವ ವಿಷಯದಲ್ಲಿ ಇನ್ನೊಂದು ಮಾತು. ಇಷ್ಟು ದೊಡ್ಡ ಬೈಕುಗಳಲ್ಲಿ ಮೊದಲ ಕೆಲವು ಸೆಕೆಂಡ್ ಎಂಜಿನ್ನಿನ ಶಕ್ತಿಗೆ ಕೊರತೆ ಇರುವುದಿಲ್ಲ, ಮುಂದಿನ ಚಕ್ರ ಏಳುವುದೇ ಅಡ್ಡಿ. ಹಯಬೂಸಾದ ಚಕ್ರಗಳ ನಡುವೆ 1480 ಮಿ.ಮೀ. ಅಂತರ ಇದೆ, ಕೂರುವ ಜಾಗವೂ ತಗ್ಗು. ಉದ್ದ ಮತ್ತು ತಗ್ಗು ಇರುವ ಬೈಕಿನ ಮೂತಿ ಸುಲಭಕ್ಕೆ ಮೇಲೇಳುವುದಿಲ್ಲ, ಹಾಗಾಗಿ ಇರುವ ಶಕ್ತಿಯನ್ನು ನೆಲಕ್ಕೆ ಹಾಕಬಹುದು. ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ರಸ್ತೆಯಲ್ಲಿ ಓಡುವ ಪೈಪೋಟಿ) ಮಾಡುವವರು ಈ ಬೈಕನ್ನು ಇಷ್ಟಪಟ್ಟು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಇನ್ನೂ ಉದ್ದ ಮಾಡಿಸುವುದು ಇದಕ್ಕೇ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಸಲ ಡ್ರ್ಯಾಗ್ ರೇಸಿಂಗ್ ರಾಷ್ಟ್ರೀಯ ಚಾಂಪಿಯನ್ ಆಗಿದ್ದಾರೆ, ಅವರು ಹಯಬೂಸಾ ಮೇಲೆ ಕೂತು ಹೊರಡುವ ವಿಡಿಯೋಗಳು ಸಿಗುತ್ತವೆ. ಮೊದಲ ಹತ್ತು ಮೀಟರ್ ಗಮನಿಸಿ ನೋಡಿ.

299ರ ಕಡಿವಾಣದ ಹಿಂದೆಯೂ ಈ ಬೈಕೇ ಇದೆ. 1999ರಲ್ಲಿ ಮೊದಲ ಹಯಬೂಸಾ ಬಂದಾಗ ಅದು 300 ದಾಟುತ್ತಿತ್ತು, ಸ್ಪೀಡೋಮೀಟರಿನಲ್ಲಿ 350ರ ತನಕ ಅಂಕಿ ಇತ್ತು. ಅಲ್ಲಿಂದ ಮುಂದೆ ಈ ಪೈಪೋಟಿ ಎಲ್ಲಿಗೆ ಹೋಗುತ್ತದೋ ಎಂದು ಜಪಾನಿನ ಮತ್ತು ಯುರೋಪಿನ ಕಂಪನಿಗಳೇ 299ಕ್ಕೆ ನಿಲ್ಲಿಸಲು ತಮ್ಮೊಳಗೆ ಒಪ್ಪಿಕೊಂಡವು. ಹಾಗಾಗಿ ಎರಡೂ 299 ಎನ್ನುವುದನ್ನು ಹೋಲಿಕೆಗೆ ತರಬೇಡಿ. ಅದು ಕಂಪನಿಗಳು ಎಳೆದ ಗೆರೆ.

ಈಗ ಕಷ್ಟದ ಮಾತು. ಪೆಟ್ರೋಲ್ ತುಂಬಿದರೆ ಬೈಕ್ 265 ಕೆ.ಜಿ. ಆಸುಪಾಸು. ಚಾರ್ಮಾಡಿಯ ಇಳಿಜಾರಿನ ಹೇರ್‌ಪಿನ್‌ನಲ್ಲಿ, ಎದುರಿನಿಂದ ಬಸ್ಸು ಬಂದು, ನೀವು ಅರ್ಧ ತಿರುಗಿ ಬ್ರೇಕ್ ಹಿಡಿದು ನಿಲ್ಲಬೇಕಾದಾಗ ಆ ತೂಕ ಪೂರ್ತಿ ಮುಂದಿನ ಚಕ್ರಕ್ಕೂ ನಿಮ್ಮ ಮಣಿಕಟ್ಟಿಗೂ ಬರುತ್ತದೆ. ಒಂದು ಸಲ ಮಳೆ ನಿಂತ ಮೇಲೆ ಅಲ್ಲಿ ಹೀಗೇ ನಿಂತಾಗ ಕಾಲಿಟ್ಟ ಕಡೆ ಜಲ್ಲಿ ಇತ್ತು, ಬೈಕ್ ನಿಧಾನಕ್ಕೆ ಪಕ್ಕಕ್ಕೆ ಮಲಗಿತು. ತಡೆಯಲು ಆಗಲಿಲ್ಲ. ಎತ್ತಲು ಬಸ್ಸಿನ ಕಂಡಕ್ಟರ್ ಇಳಿದು ಬಂದರು. ಅಗಲ ರಸ್ತೆಯ ಉದ್ದ ತಿರುವುಗಳಲ್ಲಿ ಮಾತ್ರ ಇದು ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಹಿಂದೆ ಹೆಂಡತಿ ಕೂರುವುದಾದರೆ 10ಆರ್‌ನ ಹಿಂದಿನ ಸೀಟನ್ನು ಒಮ್ಮೆ ಅವರಿಗೇ ತೋರಿಸಿ.

ಲೆಕ್ಕದ_ಮೇಷ್ಟ್ರು

ನಿಮ್ಮ 23 ಮತ್ತು 25 ಡಿಗ್ರಿಯ ಪ್ರಶ್ನೆ ಚೆನ್ನಾಗಿದೆ, ಅದನ್ನೇ ಹಿಡಿದುಕೊಳ್ಳುತ್ತೇನೆ.

ಮೊದಲು ಒಂದು ವಿಷಯ. ಸ್ಥಿರವಾಗಿ ಒಂದೇ ವೇಗದಲ್ಲಿ ತಿರುವು ಸುತ್ತುವಾಗ ಬೈಕ್ ಎಷ್ಟು ವಾಲಬೇಕು ಎನ್ನುವುದು ಎರಡೇ ಸಂಗತಿಗಳ ಮೇಲೆ ನಿಂತಿದೆ, ವೇಗ ಮತ್ತು ತಿರುವಿನ ತ್ರಿಜ್ಯ. ತೂಕ ಸಮೀಕರಣದ ಎರಡೂ ಕಡೆ ಬರುತ್ತದೆ, ಹಾಗಾಗಿ ಹೊಡೆದು ಹೋಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 45 ಡಿಗ್ರಿ ವಾಲಿದರೆ ಗಂಟೆಗೆ 80 ಕಿ.ಮೀ. ಹತ್ತಿರ ಬರುತ್ತದೆ. 50 ಡಿಗ್ರಿ ವಾಲಿದರೆ 87. ಇದು ಹಯಬೂಸಾಕ್ಕೂ ಅಷ್ಟೇ, ನಿಮ್ಮ 650ಕ್ಕೂ ಅಷ್ಟೇ. ಅಗಲ ಟೈರಿನ ಬೈಕ್ ಅದೇ ವೇಗಕ್ಕೆ ಚೂರು ಜಾಸ್ತಿ ವಾಲಬೇಕಾಗುತ್ತದೆ, ಯಾಕೆಂದರೆ ನೆಲ ಮುಟ್ಟುವ ಜಾಗ ಟೈರಿನ ನಡುವಿನಿಂದ ಒಳಗೆ ಸರಿಯುತ್ತದೆ. ಆ ಒಂದು ವಿಷಯದಲ್ಲಿ ನಿಮ್ಮ 160 ಮಿ.ಮೀ. ಅಗಲದ ಹಿಂದಿನ ಟೈರಿಗೆ ಈ ಬೈಕುಗಳ 190ಕ್ಕಿಂತ ಅನುಕೂಲವೇ ಇದೆ.

ಹಾಗಾದರೆ ತೂಕ ಎಲ್ಲಿ ಕಾಡುತ್ತದೆ? ವೇಗ ಬದಲಾಗುವ ಕಡೆ, ದಿಕ್ಕು ಬದಲಾಗುವ ಕಡೆ. 80 ಕೆ.ಜಿ. ಸವಾರ ಎಂದು ಹಿಡಿಯಿರಿ. ಹಯಬೂಸಾ ಮತ್ತು ಸವಾರ ಸೇರಿ 345, 10ಆರ್ ಮತ್ತು ಸವಾರ 287. ಅಂದರೆ ಒಂದೇ ವೇಗದಿಂದ ನಿಲ್ಲಿಸಲು ಹಯಬೂಸಾದ ಬ್ರೇಕು 20% ಜಾಸ್ತಿ ಶಕ್ತಿಯನ್ನು ಬಿಸಿಯಾಗಿ ಕರಗಿಸಬೇಕು. ಪ್ರತಿ ಸುತ್ತಿನಲ್ಲಿ, ಪ್ರತಿ ತಿರುವಿನಲ್ಲಿ. ಮೂರ್ನಾಲ್ಕು ಸುತ್ತು ಆದ ಮೇಲೆ ಟೈರಿನ ಮೇಲೂ ಅದು ಕಾಣುತ್ತದೆ.

ಎಡದಿಂದ ಬಲಕ್ಕೆ ಎತ್ತಿ ಹಾಕುವಾಗ ಇನ್ನೂ ಕಷ್ಟ. ಅಲ್ಲಿ ಬರೀ ಕಿಲೋ ಲೆಕ್ಕ ಅಲ್ಲ, ಆ ಕಿಲೋ ಎಲ್ಲೆಲ್ಲಿ ಹರಡಿದೆ ಎನ್ನುವುದೂ ಬರುತ್ತದೆ. ದೊಡ್ಡ ಎಂಜಿನ್ನಿನ ಭಾರವಾದ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಬುಗುರಿಯ ಹಾಗೆ ತಿರುಗುತ್ತಿರುತ್ತದೆ, ತಿರುಗುತ್ತಿರುವ ಬುಗುರಿಯನ್ನು ವಾಲಿಸಲು ಹೋದರೆ ಅದು ಒಪ್ಪುವುದಿಲ್ಲ. ಡುಕಾಟಿಯವರು ಪಾನಿಗಾಲೆ ವಿ4ನಲ್ಲಿ ಕ್ರ್ಯಾಂಕನ್ನು ಚಕ್ರಗಳಿಗೆ ಉಲ್ಟಾ ದಿಕ್ಕಿನಲ್ಲಿ ತಿರುಗಿಸುವುದು ಇದಕ್ಕೇ. ಚಕ್ರಗಳ ಹಟವನ್ನು ಕ್ರ್ಯಾಂಕ್ ಸ್ವಲ್ಪ ಕಡಿಮೆ ಮಾಡುತ್ತದೆ. ನೀವು ಹೇಳಿದ ಎರಡೂ ಬೈಕುಗಳಲ್ಲಿ ಆ ಸೌಕರ್ಯ ಇಲ್ಲ.

ಇನ್ನು ಕೋನ. ಅದೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಉದ್ದನೆಯ, ಭಾರದ ಬೈಕನ್ನು ಮನುಷ್ಯನ ಕೈ ತಿರುಗಿಸುವ ಹಾಗೆ ಮಾಡಬೇಕಾದರೆ ಸ್ಟಿಯರಿಂಗನ್ನು ಹಗುರ ಮಾಡಲೇಬೇಕು. ಅದಕ್ಕೆ ಹಯಬೂಸಾದಲ್ಲಿ 23 ಡಿಗ್ರಿ, 90 ಮಿ.ಮೀ. ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಸೇರುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ). 10ಆರ್ ಹೇಗಿದ್ದರೂ ಹಗುರ, ಚಕ್ರಗಳ ಅಂತರವೂ 1450 ಮಾತ್ರ. ಅದಕ್ಕೆ ಬೇಕಾದದ್ದು ಜೋರಾಗಿ ಬ್ರೇಕ್ ಹಿಡಿದಾಗಲೂ ಮೂತಿ ಅಲ್ಲಾಡದೆ ಇರುವುದು. ಬ್ರೇಕ್ ಹಿಡಿದಾಗ ಮುಂದಿನ ಫೋರ್ಕ್ ಕುಸಿದು ಕೋನ ತಾನಾಗಿಯೇ ಕಡಿಮೆ ಆಗುತ್ತದೆ. 25ರಿಂದ ಶುರು ಮಾಡಿದರೆ ತಿರುವಿಗೆ ಇಳಿಯುವ ಹೊತ್ತಿಗೆ ಸರಿಯಾದ ಜಾಗಕ್ಕೆ ಬಂದಿರುತ್ತದೆ. ಬೈಕ್ ನಿಂತಿರುವಾಗ ಅಳೆದ ಅಂಕಿ ತಿರುವಿನ ಒಳಗೆ ಇರುವುದೇ ಇಲ್ಲ.

ನೇರ ರಸ್ತೆಗೂ ಒಂದು ಲೆಕ್ಕ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಹಾಗೆ ಏರುತ್ತದೆ. 150ರಿಂದ 300ಕ್ಕೆ ಹೋಗಲು ಎರಡು ಪಟ್ಟಲ್ಲ, ಎಂಟು ಪಟ್ಟು ಬೇಕು. ಅಲ್ಲಿ ತೂಕಕ್ಕೆ ಬೆಲೆ ಕಡಿಮೆ, ಬೈಕಿನ ಆಕಾರಕ್ಕೆ ಬೆಲೆ ಜಾಸ್ತಿ. ಹಯಬೂಸಾದ ಆ ಉಬ್ಬಿದ ಮೂತಿ, ಅಗಲ ಹೊಟ್ಟೆ, ಹಿಂದಿನ ಗೂನು ಎಲ್ಲ ಗಾಳಿ ಸುರಂಗದಲ್ಲಿಟ್ಟು ತಿದ್ದಿದ್ದು. ನೋಡಲು ಚೆನ್ನಾಗಿಲ್ಲ ಎನ್ನುವವರು ಇದ್ದಾರೆ, ನನಗೆ ಚೆನ್ನಾಗಿಯೇ ಕಾಣುತ್ತದೆ.

ಸಿ1_ಬಲತಿರುವು

10ಆರ್ ನನ್ನದು, ನಾಲ್ಕು ವರ್ಷದಿಂದ ಚೆನ್ನೈ ಟ್ರ್ಯಾಕಿಗೆ ತಗೊಂಡು ಹೋಗುತ್ತಿದ್ದೇನೆ. ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆಯನ್ನೇ ನಾನು ಸ್ವಲ್ಪ ಬದಲಿಸುತ್ತೇನೆ. ತಿರುವಿನ ವೇಗ ಒಂದು, ನೇರದ ವೇಗ ಇನ್ನೊಂದು ಅಂತ ಬೇರೆ ಬೇರೆ ಇಡಬೇಡಿ. ಟ್ರ್ಯಾಕಿನಲ್ಲಿ ನೇರದ ವೇಗ ಹುಟ್ಟುವುದೇ ಅದರ ಹಿಂದಿನ ತಿರುವಿನಲ್ಲಿ.

ಒಂದೇ ಬೈಕಿನ ಇಬ್ಬರನ್ನು ತಗೊಳ್ಳಿ. ಒಬ್ಬ ತಿರುವಿನಿಂದ ಹೊರಬರುವಾಗ ಒಂದು ಸೆಕೆಂಡ್ ಮೊದಲೇ ಥ್ರಾಟಲ್ ತೆರೆಯುತ್ತಾನೆ. ಆ ಒಂದು ಸೆಕೆಂಡ್ ಅಂತರ ನೇರದ ಉದ್ದಕ್ಕೂ ಅವನ ಜೊತೆಗೇ ಬರುತ್ತದೆ, ವೇಗ ಏರಿದ ಹಾಗೆ ಮೀಟರ್ ಲೆಕ್ಕದಲ್ಲಿ ಬೆಳೆಯುತ್ತಲೂ ಹೋಗುತ್ತದೆ. 200ರಲ್ಲಿ ಒಂದು ಸೆಕೆಂಡ್ ಎಂದರೆ 55 ಮೀಟರ್. ಹಿಂದಿನವನಿಗೆ ಏನನ್ನಿಸುತ್ತದೆ? ಮುಂದಿನವನ ಬೈಕಿಗೆ ಜಾಸ್ತಿ ಪವರ್ ಇದೆ ಅಂತ. ನಾನೂ ಎರಡು ವರ್ಷ ಹಾಗೇ ಅಂದುಕೊಂಡು ಎಕ್ಸಾಸ್ಟ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡಿಸಿದೆ. ಒಂದು ಸುತ್ತಿನ ಸಮಯ ಅರ್ಧ ಸೆಕೆಂಡೂ ಇಳಿಯಲಿಲ್ಲ. ಆಮೇಲೆ ಅದೇ ಟ್ರ್ಯಾಕಿಗೆ ಬರುವ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲಿನ ಮೊದಲ ಹಂತಕ್ಕೆ ಸೇರಿದೆ. ಅವರು ಮೊದಲು ಹೇಳಿಕೊಡುವುದೇ ಥ್ರಾಟಲ್. ತಿರುವಿನೊಳಗೆ ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚದೆ, ನಿಧಾನಕ್ಕೆ, ಒಂದೇ ಸಮನೆ ಜಾಸ್ತಿ ಮಾಡುತ್ತಾ ಹೋಗುವುದು. ನಾನು ಪ್ರತಿ ತಿರುವಿನಲ್ಲೂ ಎರಡು ಸಲ ಮುಚ್ಚುತ್ತಿದ್ದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಎರಡು ದಿನದಲ್ಲಿ ಇಳಿದ ಸೆಕೆಂಡುಗಳು ಆ ಎಲ್ಲ ಭಾಗಗಳಿಗೆ ಹಾಕಿದ ದುಡ್ಡಿಗೆ ಸಿಕ್ಕಿರಲಿಲ್ಲ.

ಕೆಲವು ವರ್ಷದ ಹಿಂದೆ ಅಲ್ಲಿ ಹೋಂಡಾದವರ ಟ್ಯಾಲೆಂಟ್ ಕಪ್ಪಿನ (ಎಳೆಯ ಸವಾರರ ರೇಸ್) ಹುಡುಗರು ಎನ್‌ಎಸ್‌ಎಫ್ 250ಆರ್ ಓಡಿಸುತ್ತಿದ್ದುದನ್ನು ಒಮ್ಮೆ ನಿಂತು ನೋಡಿದ್ದೆ. ಒಂದೇ ಸಿಲಿಂಡರ್, 48ರ ಆಸುಪಾಸು ಅಶ್ವಶಕ್ತಿ, ಇಂಧನ ಇಲ್ಲದೆ ತೂಕ 84 ಕೆ.ಜಿ. ಆ ಮಕ್ಕಳು ಟ್ರ್ಯಾಕಿನ ಮೊದಲ ತಿರುವಾದ ಸಿ1 ಬಲತಿರುವಿಗೆ ಹೋಗುತ್ತಿದ್ದ ವೇಗ ನೋಡಿ ಮೈ ಜುಮ್ಮೆಂದಿತು. ನಮ್ಮಂತಹ ಹವ್ಯಾಸಿಗಳು 203 ಅಶ್ವಶಕ್ತಿ ಇಟ್ಟುಕೊಂಡೂ ಆ ತಿರುವಿನಲ್ಲಿ ಅಷ್ಟು ವೇಗ ಉಳಿಸಿಕೊಳ್ಳುವುದಿಲ್ಲ.

10ಆರ್ ಬಗ್ಗೆ ನೇರವಾಗಿ ಹೇಳುವುದಾದರೆ, ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಇಳಿಯುವಾಗ ಇದರ ಮುಂದಿನ ಚಕ್ರ ಕೊಡುವ ಧೈರ್ಯ ಬೇರೆಯೇ. ಟೈರ್ ಏನು ಮಾಡುತ್ತಿದೆ ಎನ್ನುವುದು ಕೈಗೆ ಗೊತ್ತಾಗುತ್ತದೆ. ಆದರೆ ಗೇರುಗಳು ಉದ್ದ. ಮೊದಲ ಗೇರಿನಲ್ಲೇ 150 ದಾಟುತ್ತದೆ. ಘಾಟಿಯ ಹೇರ್‌ಪಿನ್ನಿನಲ್ಲಿ ಎಂಜಿನ್ ಮಂಕಾಗಿ ಗೊಣಗುತ್ತದೆ, ಎರಡನೇ ಗೇರಿಗಿಂತ ಮೇಲೆ ಹೋಗುವ ಪ್ರಸಂಗವೇ ಬರುವುದಿಲ್ಲ. ಹಿಂದಿನ ಸ್ಪ್ರಾಕೆಟ್ಟಿಗೆ (ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ) ಎರಡು ಹಲ್ಲು ಜಾಸ್ತಿ ಹಾಕಿಸಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯಿತು.

ಇನ್ನೊಂದು ಮುಖ್ಯ ಮಾತು, ಯಾವ ಬೈಕ್ ತಗೊಂಡರೂ ಸರಿ. ಟ್ರ್ಯಾಕಿಗೆ ಹೋಗುವ ಮೊದಲು ಬ್ರೇಕ್ ಆಯಿಲ್ ಬದಲಾಗಿದೆಯಾ ಅಂತ ನಿಮ್ಮ ಕಣ್ಣಾರೆ ನೋಡಿ. ನಾನು ಒಂದು ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದ್ದೆ, ಬದಲಿಸಿದ್ದೇವೆ ಅಂತ ಬಿಲ್ಲಿನಲ್ಲೂ ಇತ್ತು. ಐದನೇ ಸುತ್ತಿನಲ್ಲಿ ನೇರದ ಕೊನೆಯಲ್ಲಿ ಲಿವರ್ ಹಿಡಿದರೆ ಬೆರಳು ಹ್ಯಾಂಡಲಿನ ತನಕ ಬಂತು. ಬೈಕ್ ನೆಟ್ಟಗೆ ಮಣ್ಣಿಗೆ ಇಳಿಯಿತು, ಬೀಳಲಿಲ್ಲ, ಆದರೆ ಆ ಎರಡು ಸೆಕೆಂಡ್ ಇವತ್ತಿಗೂ ಮರೆತಿಲ್ಲ. ಪಿಟ್ಟಿಗೆ ಬಂದು ಮುಚ್ಚಳ ತೆಗೆದರೆ ಒಳಗಿದ್ದದ್ದು ಡಿಕಾಕ್ಷನ್ ಬಣ್ಣದ ಎಣ್ಣೆ. ಹಳೆಯ ಎಣ್ಣೆ ನೀರು ಹೀರಿಕೊಂಡಿರುತ್ತದೆ, ಬಿಸಿ ಏರಿದಾಗ ಅದು ಕುದಿದು ಆವಿಯ ಗುಳ್ಳೆ ಆಗುತ್ತದೆ, ಗುಳ್ಳೆಯನ್ನು ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ಹಯಬೂಸಾ, 10ಆರ್ ಎರಡೂ ನನ್ನ ಹತ್ತಿರ ಇಲ್ಲ, ಬಿಎಂಡಬ್ಲ್ಯು ಎಸ್ 1000 ಆರ್‌ಆರ್ ಇದೆ. ಆದರೆ ನೇರ ರಸ್ತೆಯ ವೇಗದ ಬಗ್ಗೆ ಒಂದು ಅನುಭವ ಹೇಳಬಹುದು, ಯಾಕೆಂದರೆ ಇಲ್ಲಿ ಜರ್ಮನಿಯ ಹೆದ್ದಾರಿಯಾದ ಆಟೋಬಾನಿನ ಕೆಲವು ಭಾಗಗಳಲ್ಲಿ ವೇಗದ ಮಿತಿಯೇ ಇಲ್ಲ. 130 ಎನ್ನುವುದು ಬರೀ ಸಲಹೆ.

ಬೈಕ್ ತಗೊಂಡ ಮೊದಲ ಬೇಸಿಗೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆ ಸಿಕ್ಕಿತು, 260ರ ತನಕ ಹೋದೆ. ಎಷ್ಟು ಹೊತ್ತು? ಹತ್ತು ಸೆಕೆಂಡ್ ಇರಬಹುದು. ಹೆಲ್ಮೆಟ್ ಹಿಂದಕ್ಕೆ ಎಳೆಯುತ್ತದೆ, ಕಣ್ಣು ದೂರದ ಒಂದೇ ಚುಕ್ಕೆಯಲ್ಲಿ ನೆಟ್ಟಿರುತ್ತದೆ, ಬಲಗಡೆ ಲೇನಿನಲ್ಲಿ 110ರಲ್ಲಿ ಹೋಗುವ ಕಾರು ನಿಂತ ಹಾಗೆ ಕಾಣುತ್ತದೆ, ಅದು ಈಗ ಎಡಕ್ಕೆ ಬಂದರೆ ಎನ್ನುವ ಒಂದೇ ಯೋಚನೆ. ಮಿತಿ ಇಲ್ಲದ ದೇಶದಲ್ಲಿದ್ದೂ ಆಮೇಲೆ ಆ ಕಡೆ ಹೋಗಬೇಕು ಅನ್ನಿಸಲಿಲ್ಲ. ನಾನು ಕಾಯುವುದು ಬಾಡೆನ್-ಬಾಡೆನ್ನಿನಿಂದ ಕಪ್ಪು ಕಾಡಿನ ಬೆಟ್ಟದ ಮೇಲೆ ಹೋಗುವ ಬಿ500 ರಸ್ತೆಗೆ. ಅಲ್ಲಿ ಮಿತಿ ಇದೆ, ಪೊಲೀಸರೂ ಇರುತ್ತಾರೆ, ಆದರೂ ಒಂದು ತಿರುವನ್ನು ಸರಿಯಾಗಿ ಬಿಡಿಸಿದರೆ ಇಡೀ ದಿನ ಅದೇ ಖುಷಿ. ಊರಿಗೆ ಬಂದಾಗ ತಮ್ಮನ ಪಲ್ಸರ್‌ನಲ್ಲಿ ಆಗುಂಬೆ ಇಳಿದರೂ ಅದೇ ಖುಷಿ ಸಿಗುತ್ತದೆ.

ನಾಲ್ಕು_ಸಿಲಿಂಡರ್

ಎರಡೂ ಬೇಡ. ಝಡ್‌ಎಕ್ಸ್-6ಆರ್ ನೋಡಿ. 636 ಸಿಸಿ, 124 ಅಶ್ವಶಕ್ತಿ, 200 ಕೆ.ಜಿ.ಗಿಂತ ಕಡಿಮೆ. 2024ರ ಜನವರಿಯಲ್ಲಿ ಇಲ್ಲಿ ಬಂದಾಗ ಶೋರೂಮ್ ಬೆಲೆ 11.09 ಲಕ್ಷ ಇತ್ತು. ಘಾಟಿಯಲ್ಲಿ ಮೂರು ಗೇರಾದರೂ ಬಳಸುತ್ತೀರಿ, ಟ್ರ್ಯಾಕಿನಲ್ಲಿ ಥ್ರಾಟಲ್ ಪೂರ್ತಿ ತೆರೆಯುವ ಧೈರ್ಯ ಬರುತ್ತದೆ. ಉಳಿದ ದುಡ್ಡಿಗೆ ಟೈರು, ಸೂಟು, ಸ್ಕೂಲು. ಹೆಂಡತಿಯನ್ನು ಕೂರಿಸಲು ಮಾತ್ರ ಇದೂ ಆಗುವುದಿಲ್ಲ.

ಮೈಸೂರು_650

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಕೋನದ ವಿಷಯ ಈಗ ತಲೆಗೆ ಹೋಯಿತು.

ನಿನ್ನೆ ಗೆಳೆಯನ ಹಯಬೂಸಾವನ್ನು ಎಚ್.ಡಿ. ಕೋಟೆ ತನಕ ಓಡಿಸಿದೆ, ಹಿಂದೆ ಹೆಂಡತಿಯೂ ಇದ್ದಳು. ಹೆಂಡತಿಗೆ ತುಂಬಾ ಇಷ್ಟವಾಯಿತು. ನನಗೂ ಆ ಎಳೆತ ಇಷ್ಟವಾಯಿತು, ಆದರೆ ವಾಪಸ್ ಬರುವಾಗ ಹಳ್ಳಿಯೊಳಗಿನ ಸಣ್ಣ ತಿರುವುಗಳಲ್ಲಿ ಭುಜ ಬಿಗಿದು ಹೋಗಿತ್ತು. 10ಆರ್ ಮೇಲೆ ಅವಳು ಐದು ನಿಮಿಷ ಕೂತು ಇಳಿದಳು, ಮಾತು ಮುಗಿಯಿತು.

ಹಾಗಾಗಿ ಸದ್ಯಕ್ಕೆ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಿದ್ದೇನೆ. ಮೊದಲು 650ರಲ್ಲೇ ಸ್ಕೂಲಿಗೆ ಹೋಗುತ್ತೇನೆ. ನಾನು ತಿರುವಿನಲ್ಲಿ ಎಷ್ಟು ಸಲ ಥ್ರಾಟಲ್ ಮುಚ್ಚುತ್ತೇನೆ ಎನ್ನುವುದು ಗೊತ್ತಾಗಲಿ. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಟ್ರ್ಯಾಕಿನಲ್ಲಿ ಟೈರಿಗೆ ಗಾಳಿ ಎಷ್ಟು ಇಡಬೇಕು? ಹೋದ ಸಲ ರಸ್ತೆಯ ಅಳತೆಯಲ್ಲೇ ಹೋಗಿದ್ದೆ, ಮಧ್ಯಾಹ್ನದ ಹೊತ್ತಿಗೆ ಹಿಂದಿನ ಚಕ್ರ ಜಾರಲು ಶುರುವಾಯಿತು.

ಸಿ1_ಬಲತಿರುವು

ಅದೇ ಕಾರಣ. ಟ್ರ್ಯಾಕಿನಲ್ಲಿ ಟೈರ್ ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ, ರಸ್ತೆಯ ಅಳತೆಯಲ್ಲಿ ಹೋದರೆ ಟೈರ್ ಉಬ್ಬಿ ನೆಲ ಮುಟ್ಟುವ ಜಾಗ ಚಿಕ್ಕದಾಗುತ್ತದೆ. ನಾನು ಬೆಳಿಗ್ಗೆ ತಣ್ಣಗಿರುವಾಗ ಮುಂದೆ 31, ಹಿಂದೆ 30 ಇಟ್ಟು ಹೊರಡುತ್ತೇನೆ, ಮೊದಲ ಓಟ ಮುಗಿದು ಬಂದ ತಕ್ಷಣ ಬಿಸಿಯಲ್ಲೇ ಮತ್ತೆ ನೋಡುತ್ತೇನೆ. ನಿಮ್ಮ ಟೈರ್ ಬೇರೆ, ಹಾಗಾಗಿ ಪಿಟ್ಟಿನಲ್ಲಿ ಟೈರಿನವರನ್ನು ಒಮ್ಮೆ ಕೇಳಿ. ವಾಪಸ್ ಮೈಸೂರಿಗೆ ಹೊರಡುವ ಮೊದಲು ಗಾಳಿ ತುಂಬಿಸುವುದು ಮರೆಯಬೇಡಿ.

ನಾವು ಬೆಂಗಳೂರಿನಿಂದ ಬೈಕುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗುತ್ತೇವೆ, ನಾಲ್ಕರಲ್ಲಿ ಒಂದು ಜಾಗ ಖಾಲಿ ಇದೆ. ಶುಕ್ರವಾರ ರಾತ್ರಿ 9ಕ್ಕೆ ಹೊಸಕೋಟೆಯಲ್ಲಿ ಸಿಗುವುದಾದರೆ ಮೆಸೇಜ್ ಹಾಕಿ.